ವಿಚ್ಛೇದನಕ್ಕೆ ವಕೀಲರನ್ನು ಹುಡುಕುವವರಿಗೆ: ಮೊದಲ ಹಾಳೆಯಿಂದ ಡಿಕ್ರಿಯ ನಕಲಿನವರೆಗೆ

ನನ್ನ ತಂಗಿಯ ಜೊತೆ ಹೋಗಿ ಭೇಟಿಯಾದ ಮೊದಲ ವಕೀಲರು ಅವಳ ಮಾತನ್ನು ಐದು ನಿಮಿಷವೂ ಕೇಳಲಿಲ್ಲ. "ನಾಳೆಯೇ ನೋಟಿಸ್ ಕಳುಹಿಸೋಣ, ಒಂದು ವರ್ಷದಲ್ಲಿ ಮುಗಿಸಿಕೊಡುತ್ತೇನೆ, ಕೇಸು ನಮ್ಮದೇ" ಎಂದವರು ನೇರವಾಗಿ ಮುಂಗಡದ ಲೆಕ್ಕಕ್ಕೆ ಬಂದುಬಿಟ್ಟರು. ಎರಡನೆಯವರು ಮಧ್ಯವಯಸ್ಸಿನ ವಕೀಲೆ. ಮದುವೆ ನಡೆದ ದಿನ ಮತ್ತು ಊರು, ಗಂಡ ಹೆಂಡತಿ ಕೊನೆಯದಾಗಿ ಒಂದೇ ಮನೆಯಲ್ಲಿದ್ದ ದಿನ, ಲಾಕರ್ ಯಾರ ಹೆಸರಿನಲ್ಲಿದೆ, ಗಂಡನ ಸಂಬಳದ ಚೀಟಿಯನ್ನು ಯಾವಾಗಲಾದರೂ ನೋಡಿದ್ದುಂಟೆ ಎಂದು ಒಂದೊಂದಾಗಿ ಕೇಳಿದರು. ಅರ್ಧಕ್ಕರ್ಧ ಪ್ರಶ್ನೆಗಳಿಗೆ ತಂಗಿಯ ಬಳಿ ಉತ್ತರವಿರಲಿಲ್ಲ. "ಮನೆಗೆ ಹೋಗಿ ಇದನ್ನೆಲ್ಲ ಬರೆದುಕೊಂಡು ಬಾರಮ್ಮ, ಆಮೇಲೆ ನಿನಗೆ ನಾನು ಬೇಕೋ ಬೇಡವೋ ನೋಡೋಣ" ಎಂದು ಕಳುಹಿಸಿದರು. ನಾವು ಅವರನ್ನೇ ಹಿಡಿದೆವು.

ಆಮೇಲಿನ ದಿನಗಳಲ್ಲಿ ನ್ಯಾಯಾಲಯದ ಕಾರಿಡಾರಿನ ಬೆಂಚುಗಳ ಮೇಲೆ ಕುಳಿತು, ಅಕ್ಕಪಕ್ಕದವರ ಕಥೆಗಳನ್ನೂ ಕೇಳಿ, ತಪ್ಪು ಮಾಡಿ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಇದನ್ನು ಓದಿಕೊಂಡು ನೀವೇ ಕೇಸು ನಡೆಸಬಹುದು ಎಂದು ನಾನು ಹೇಳುತ್ತಿಲ್ಲ. ವಕೀಲರ ಎದುರು ಕುಳಿತಾಗ ಏನು ಕೇಳಬೇಕು, ಏನನ್ನು ನಂಬಬಾರದು ಎಂಬುದಾದರೂ ತಿಳಿದಿರಲಿ. ಕರ್ನಾಟಕದ ನ್ಯಾಯಾಲಯಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಹೆಚ್ಚಾಗಿ 1955ರ ಹಿಂದೂ ವಿವಾಹ ಕಾಯ್ದೆಯ ಸುತ್ತ ಬರೆದಿದ್ದೇನೆ. ಉಳಿದ ಕಾಯ್ದೆಗಳ ಮಾತೂ ನಡುವೆ ಬರುತ್ತದೆ.

ಹಂತ 1: ವಕೀಲರಿಗೂ ಮೊದಲು ಒಂದು ಹಾಳೆ

ಮನೆಯಲ್ಲಿ ಹೊಡೆತ ಬಡಿತ ನಡೆಯುತ್ತಿದ್ದರೆ ಈ ಹಂತವನ್ನು ಬಿಟ್ಟುಬಿಡಿ. ತುರ್ತು ಕರೆಗೆ 112, ಮಹಿಳಾ ಸಹಾಯವಾಣಿಗೆ 181. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ರಕ್ಷಣಾಧಿಕಾರಿಯ ಮೂಲಕ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಟ್ಟು ರಕ್ಷಣೆ, ವಾಸದ ಹಕ್ಕು, ಖರ್ಚಿಗೆ ಹಣ ಇವೆಲ್ಲವನ್ನೂ ಕೇಳಬಹುದು. ವಿಚ್ಛೇದನದ ಅರ್ಜಿ ಹಾಕಿರಲೇಬೇಕು ಎಂಬ ನಿಯಮ ಅದಕ್ಕಿಲ್ಲ.

ಅಂಥ ಅವಸರವಿಲ್ಲದವರು ಒಂದು ಸಂಜೆ ಕುಳಿತು ದಿನಾಂಕಗಳ ಪಟ್ಟಿ ಬರೆಯಿರಿ. ನಿಶ್ಚಿತಾರ್ಥ, ಮದುವೆ, ಸಂಸಾರ ಹೂಡಿದ ಮನೆಗಳು, ಮಕ್ಕಳ ಜನನ, ಮೊದಲ ದೊಡ್ಡ ಜಗಳ, ಹಿರಿಯರು ಕೂತು ರಾಜಿ ಮಾಡಿದ ದಿನ, ಮನೆ ಬಿಟ್ಟ ದಿನ. ಪ್ರತಿ ದಿನಾಂಕದ ಮುಂದೆ ಅದಕ್ಕೆ ಸಾಕ್ಷಿ ಯಾರು, ಕಾಗದ ಯಾವುದು ಎಂದು ಬರೆಯಿರಿ. ಬೈಗುಳ, ಶಾಪ, "ಅವರ ಅಮ್ಮನೇ ಎಲ್ಲದಕ್ಕೂ ಕಾರಣ" ಎಂಬ ಷರಾ ಬೇಡ. ನನ್ನ ತಂಗಿ ಮೊದಲು ಬರೆದು ತಂದದ್ದು 23 ಪುಟಗಳ ಗೋಳು. ವಕೀಲೆ ಅದನ್ನು ಓದಿ ಒಂದೂವರೆ ಪುಟಕ್ಕೆ ಇಳಿಸಿದರು. ಕೊನೆಗೆ ನ್ಯಾಯಾಧೀಶರ ಮುಂದೆ ಉಪಯೋಗಕ್ಕೆ ಬಂದದ್ದು ಆ ಒಂದೂವರೆ ಪುಟವೇ.

ಜೊತೆಗೆ ಕಾಗದಗಳು: ಲಗ್ನಪತ್ರಿಕೆ, ಮದುವೆಯ ಫೋಟೊ, ನೋಂದಣಿ ಆಗಿದ್ದರೆ ಪ್ರಮಾಣಪತ್ರ, ಇಬ್ಬರ ಆಧಾರ್, ಮಕ್ಕಳ ಜನನ ಪ್ರಮಾಣಪತ್ರ ಮತ್ತು ಶಾಲಾ ಶುಲ್ಕದ ರಸೀದಿ, ಬ್ಯಾಂಕ್ ವಿವರ, ಆದಾಯ ತೆರಿಗೆ ವಿವರ, ಸಾಲದ ಪತ್ರ, ಆಸ್ಪತ್ರೆಯ ಚೀಟಿ. ಮದುವೆ ನೋಂದಣಿ ಮಾಡಿಸದಿದ್ದರೆ ವಿಚ್ಛೇದನ ಸಿಗುವುದಿಲ್ಲ ಎಂಬ ಭಯ ಬಹಳ ಜನರಿಗಿದೆ. ಶಾಸ್ತ್ರೋಕ್ತವಾಗಿ ನಡೆದ ಮದುವೆಗೆ ಲಗ್ನಪತ್ರಿಕೆ, ಫೋಟೊ, ಸಾಕ್ಷಿಗಳು ಸಾಕು.

ತವರಿನಿಂದ ಬಂದ ಒಡವೆ, ಪಾತ್ರೆ, ಉಡುಗೊರೆಗಳ ಪಟ್ಟಿಯನ್ನು ಬೇರೆಯೇ ಮಾಡಿ. ಅದು ಸ್ತ್ರೀಧನ, ಹೆಣ್ಣಿನ ಸ್ವಂತ ಆಸ್ತಿ. ಗಂಡನ ಮನೆಯವರು ಅದನ್ನು ಇಟ್ಟುಕೊಂಡಿದ್ದರೂ ಅವರದಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಆಭರಣದ ಅಂಗಡಿಯ ಬಿಲ್ಲು ಸಿಗದಿದ್ದರೆ ಒಡವೆ ತೊಟ್ಟ ಮದುವೆಯ ಫೋಟೊಗಳನ್ನು ಜೋಡಿಸಿ. ಇಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡ್‌ಗಳನ್ನು ಅದೇ ಸಂಜೆ ಬದಲಿಸಿ.

ಹಂತ 2: ನಿಮ್ಮದು ಯಾವ ಬಾಗಿಲು?

ವಿಚ್ಛೇದನಕ್ಕೆ ಎರಡು ಬಾಗಿಲುಗಳಿವೆ. ಯಾವುದರಿಂದ ಒಳಗೆ ಹೋಗುತ್ತೀರಿ ಎಂಬುದರ ಮೇಲೆ ನಿಮಗೆ ಬೇಕಾದ ವಕೀಲರು ಎಂಥವರು, ತಗಲುವ ಕಾಲ ಮತ್ತು ಹಣ ಎಷ್ಟು ಎಂಬುದು ನಿಂತಿದೆ.

ಮೊದಲನೆಯದು ಪರಸ್ಪರ ಒಪ್ಪಿಗೆ. 1976ರ ತಿದ್ದುಪಡಿಯಲ್ಲಿ ಹಿಂದೂ ವಿವಾಹ ಕಾಯ್ದೆಗೆ ಸೇರಿದ ಸೆಕ್ಷನ್ 13ಬಿ ಪ್ರಕಾರ, ದಂಪತಿ ಕನಿಷ್ಠ 1 ವರ್ಷ ಬೇರೆಯಾಗಿ ಬಾಳಿರಬೇಕು, ಕೂಡಿ ಬಾಳಲು ಆಗದೆಂದು ಇಬ್ಬರೂ ಒಪ್ಪಿರಬೇಕು. ಜಂಟಿ ಅರ್ಜಿ ಹಾಕಿದ ಮೇಲೆ 6 ತಿಂಗಳು ಕಾದು, 18 ತಿಂಗಳೊಳಗೆ ಮತ್ತೆ ಇಬ್ಬರೂ ಬಂದು ಅದೇ ಮಾತು ಹೇಳಬೇಕು. ಬೇರೆಯಾಗಿ ಬಾಳುವುದೆಂದರೆ ಬೇರೆ ಮನೆಯಲ್ಲೇ ಇರಬೇಕೆಂದಿಲ್ಲ. ಒಂದೇ ಸೂರಿನಡಿ ಇದ್ದೂ ಗಂಡ ಹೆಂಡತಿಯಾಗಿ ಬಾಳದಿದ್ದರೆ ಅದೂ ಬೇರೆಯಾಗಿರುವುದೇ ಎಂದು 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಡಿಕ್ರಿ, ಅಂದರೆ ನ್ಯಾಯಾಲಯದ ಅಂತಿಮ ಆದೇಶ, ಆಗುವ ಮುನ್ನ ಒಬ್ಬರು ಒಪ್ಪಿಗೆ ಹಿಂತೆಗೆದುಕೊಳ್ಳಬಹುದು ಎಂದೂ ಅದೇ ತೀರ್ಪು ಹೇಳಿತು. ಆದ್ದರಿಂದ ಹಣವನ್ನೆಲ್ಲ ಮೊದಲ ದಿನವೇ ಕೊಟ್ಟು ಮುಗಿಸುವುದಾಗಲಿ, ಎಲ್ಲವನ್ನೂ ಕೊನೆಗೆ ಪಡೆಯುತ್ತೇನೆ ಎಂದು ನೆಚ್ಚಿಕೊಳ್ಳುವುದಾಗಲಿ ಜಾಣತನವಲ್ಲ. ಅರ್ಜಿ ಹಾಕುವಾಗ ಒಂದು ಪಾಲು, ಅಂತಿಮ ಹೇಳಿಕೆಯ ದಿನ ಉಳಿದದ್ದು, ಅದೂ ನ್ಯಾಯಾಧೀಶರ ಎದುರಿಗೆ ಡಿ.ಡಿ. ರೂಪದಲ್ಲಿ ಎಂದು ಒಪ್ಪಂದದಲ್ಲಿ ಬರೆಸಿಕೊಳ್ಳಿ.

ಆ 6 ತಿಂಗಳನ್ನು ಕಡಿಮೆ ಮಾಡಿಸಬಹುದೆ? 2017ರ ಅಮರದೀಪ್ ಸಿಂಗ್ ಪ್ರಕರಣದ ತೀರ್ಪಿನ ಪ್ರಕಾರ ಮಾಡಿಸಬಹುದು. ಮೊದಲ ಅರ್ಜಿಗೆ ಮುನ್ನವೇ ಒಂದೂವರೆ ವರ್ಷ ಬೇರೆಯಾಗಿದ್ದರೆ, ರಾಜಿಯ ಪ್ರಯತ್ನಗಳು ಸೋತಿದ್ದರೆ, ಜೀವನಾಂಶ ಮತ್ತು ಮಕ್ಕಳ ವಿಚಾರ ನಿಜವಾಗಿ ಇತ್ಯರ್ಥವಾಗಿದ್ದರೆ ನ್ಯಾಯಾಲಯ ಕಾಯುವ ಅವಧಿಯನ್ನು ಮನ್ನಾ ಮಾಡಬಹುದು. ಅದು ನ್ಯಾಯಾಧೀಶರ ವಿವೇಚನೆ. "ನಾನು ಮಾಡಿಸಿಯೇ ಕೊಡುತ್ತೇನೆ" ಎನ್ನುವ ವಕೀಲರ ಮಾತನ್ನು ಅರ್ಧ ಕಿವಿಯಲ್ಲಿ ಕೇಳಿ.

ಎರಡನೆಯ ಬಾಗಿಲು ಸೆಕ್ಷನ್ 13, ಅಂದರೆ ಒಬ್ಬರು ಬೇಕೆನ್ನುವ, ಇನ್ನೊಬ್ಬರು ಬೇಡವೆನ್ನುವ ವ್ಯಾಜ್ಯ. ಕ್ರೌರ್ಯ, ವ್ಯಭಿಚಾರ, ಕನಿಷ್ಠ 2 ವರ್ಷ ಬಿಟ್ಟುಹೋಗಿರುವುದು, ಮತಾಂತರ, ತೀವ್ರ ಮಾನಸಿಕ ಅಸ್ವಸ್ಥತೆ, 7 ವರ್ಷ ಪತ್ತೆಯೇ ಇಲ್ಲದಿರುವುದು ಮೊದಲಾದ ಕಾರಣಗಳಲ್ಲಿ ಒಂದನ್ನಾದರೂ ರುಜುವಾತು ಮಾಡಬೇಕು. ಮಾನಸಿಕ ಕ್ರೌರ್ಯವೂ ಕ್ರೌರ್ಯವೇ. ಆದರೆ ನಿತ್ಯದ ಜಗಳ, ಅಡುಗೆಯ ತಕರಾರು, ಅತ್ತೆ ಸೊಸೆಯ ಮುನಿಸು ಅದರ ಮಟ್ಟಕ್ಕೆ ಏರುವುದು ಅಪರೂಪ. "ನಮ್ಮ ಮದುವೆ ಸತ್ತುಹೋಗಿದೆ" ಎಂಬುದು ಕಾಯ್ದೆಯಲ್ಲಿ ಕಾರಣವೇ ಅಲ್ಲ. 2023ರ ಮೇ 1ರಂದು ಐವರು ನ್ಯಾಯಮೂರ್ತಿಗಳ ಪೀಠ ಹೇಳಿದ ಪ್ರಕಾರ, ಆ ಕಾರಣಕ್ಕೆ ಮದುವೆಯನ್ನು ರದ್ದು ಮಾಡುವ ಅಧಿಕಾರ ಸಂವಿಧಾನದ 142ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ ಮಾತ್ರ ಇದೆ. ಮದುವೆಯಾಗಿ ಇನ್ನೂ 1 ವರ್ಷ ತುಂಬದಿದ್ದರೆ, ಅಸಾಧಾರಣ ಕಷ್ಟವಿದ್ದ ಹೊರತು ಅರ್ಜಿಯನ್ನೇ ಹಾಕುವಂತಿಲ್ಲ.

ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ 1954ರ ಆ ಕಾಯ್ದೆಯೇ ಅನ್ವಯ. ನಿಯಮಗಳು ಹೆಚ್ಚುಕಡಿಮೆ ಇವೇ. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ ಇದ್ದು, 2001ರಲ್ಲಿ ಪರಸ್ಪರ ಒಪ್ಪಿಗೆಯ ದಾರಿ ಅದಕ್ಕೂ ಸೇರಿತು. ಮುಸ್ಲಿಂ ಮಹಿಳೆ 1939ರ ಕಾಯ್ದೆಯಡಿ ನ್ಯಾಯಾಲಯಕ್ಕೆ ಹೋಗಬಹುದು, ಖುಲಾ (ಹೆಂಡತಿಯ ಕೋರಿಕೆಯ ವಿಚ್ಛೇದನ) ಮತ್ತು ಮುಬಾರತ್‌ನ (ಇಬ್ಬರ ಒಪ್ಪಿಗೆಯ ವಿಚ್ಛೇದನ) ದಾರಿಯೂ ಇದೆ. ಒಂದೇ ಉಸಿರಿನ ಮೂರು ತಲಾಖ್‌ಗೆ ಬೆಲೆಯಿಲ್ಲ. 2019ರಿಂದ ಅದು ಶಿಕ್ಷಾರ್ಹ ಅಪರಾಧ.

ಇನ್ನು ನಮ್ಮ ಊರುಗಳ ಛಾಪಾ ಕಾಗದದ ವಿಚಾರ. ಉತ್ತರ ಕರ್ನಾಟಕದ ಕಡೆ ಸೋಡಚೀಟಿ ಎನ್ನುತ್ತಾರೆ. ಪಂಚರು ಕೂತು, ಬಾಂಡ್ ಪೇಪರಿನ ಮೇಲೆ ಬರೆಸಿ, ನೋಟರಿಯ ಸೀಲು ಹಾಕಿಸಿ "ಇಂದಿನಿಂದ ನಿಮ್ಮ ದಾರಿ ನಿಮಗೆ" ಎಂದು ಕಳುಹಿಸುವ ಪದ್ಧತಿ. ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 29 ಸಮುದಾಯದ ರೂಢಿಯ ವಿಚ್ಛೇದನವನ್ನು ಉಳಿಸಿದೆ, ನಿಜ. ಆದರೆ ಅಂಥ ರೂಢಿ ತಲೆಮಾರುಗಳಿಂದ ಇತ್ತೆಂದು ನ್ಯಾಯಾಲಯದಲ್ಲಿ ಸಾಬೀತು ಮಾಡುವ ಹೊರೆ ನಿಮ್ಮ ಮೇಲೆ ಬೀಳುತ್ತದೆ. ಸಾಬೀತಾಗದಿದ್ದರೆ ಆ ಕಾಗದಕ್ಕೆ ಕಿಮ್ಮತ್ತಿಲ್ಲ, ಅದನ್ನು ನಂಬಿ ಮಾಡಿಕೊಂಡ ಎರಡನೆಯ ಮದುವೆಯೂ ಉಳಿಯುವುದಿಲ್ಲ. ಕಾರಿಡಾರಿನಲ್ಲಿ ನಾನು ಕಂಡ ಅತಿ ದುಃಖದ ಮುಖಗಳು ಇಂಥ ಕಾಗದ ಹಿಡಿದುಕೊಂಡು ಬಂದವರದ್ದೇ.

ಹಂತ 3: ಹೆಸರುಗಳನ್ನು ಎಲ್ಲಿ ಹುಡುಕಬೇಕು?

ಮೊದಲು ಕೇಸು ಯಾವ ಊರಿನಲ್ಲಿ ನಡೆಯುತ್ತದೆ ಎಂಬುದನ್ನು ಗೊತ್ತುಮಾಡಿಕೊಳ್ಳಿ. ಮದುವೆ ನಡೆದ ಊರು, ಇಬ್ಬರೂ ಕೊನೆಯದಾಗಿ ಜೊತೆಗಿದ್ದ ಊರು, ಎದುರು ಪಕ್ಷದವರು ಈಗ ಇರುವ ಊರು, ಇವುಗಳಲ್ಲಿ ಎಲ್ಲಿಯಾದರೂ ಅರ್ಜಿ ಹಾಕಬಹುದು. ಹೆಂಡತಿ ಅರ್ಜಿದಾರಳಾದರೆ ತಾನು ಈಗ ವಾಸವಿರುವ ಊರಿನಲ್ಲೂ ಹಾಕಬಹುದು. ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯಗಳು ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿವೆ. ಕೌಟುಂಬಿಕ ನ್ಯಾಯಾಲಯವಿಲ್ಲದ ತಾಲ್ಲೂಕುಗಳಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರು ಈ ಕೇಸು ನಡೆಸುತ್ತಾರೆ. ದಿನವೂ ಅದೇ ನ್ಯಾಯಾಲಯಕ್ಕೆ ಬರುವ ವಕೀಲರೇ ನಿಮಗೆ ಬೇಕು. ಶಿರಸಿಯ ಕೇಸಿಗೆ ಬೆಂಗಳೂರಿನಿಂದ ವಕೀಲರನ್ನು ಕರೆದೊಯ್ದರೆ ಪ್ರತಿ ವಾಯಿದೆಗೂ, ಅಂದರೆ ವಿಚಾರಣೆಯ ದಿನಕ್ಕೂ, ಅವರ ಪ್ರಯಾಣದ ಖರ್ಚು ನಿಮ್ಮ ತಲೆಯ ಮೇಲೆ.

ವಕೀಲರು ಜಾಹೀರಾತು ಕೊಡುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಹಾಗಿರುವಾಗ "ನಂಬರ್ ಒನ್ ವಿಚ್ಛೇದನ ತಜ್ಞರು" ಎಂದು ಮೊಬೈಲಿನಲ್ಲಿ ಹುಡುಕಿದೊಡನೆ ಮೇಲೆ ತೇಲುವ ಹೆಸರುಗಳನ್ನು ನಾನು ಮೊದಲು ಪಕ್ಕಕ್ಕಿಟ್ಟೆ. ನ್ಯಾಯಾಲಯದ ಗೇಟಿನ ಬಳಿಯೇ ಹಿಡಿದುಕೊಂಡು "ಯಾವ ಕೇಸು ಸಾರ್?" ಎಂದು ಕೇಳುವ ಮಧ್ಯವರ್ತಿಗಳನ್ನೂ ದೂರವಿಡಿ. ಜಾಗ ಕೊಡಿಸಿದ, ಆಸ್ತಿ ನೋಂದಣಿ ಮಾಡಿಸಿದ ವಕೀಲರನ್ನೇ ವಿಚ್ಛೇದನಕ್ಕೂ ಹಿಡಿಯುವುದು ನಮ್ಮ ರೂಢಿ, ಅವರನ್ನು ಹಿಡಿಯುವ ಬದಲು "ನಿಮ್ಮ ಮಗಳ ಕೇಸಾದರೆ ಯಾರ ಹತ್ತಿರ ಕಳುಹಿಸುತ್ತೀರಿ?" ಎಂದು ಕೇಳಿ. ನಮಗೆ ಒಳ್ಳೆಯ ಹೆಸರು ಸಿಕ್ಕಿದ್ದು ಹಾಗೆಯೇ. ಇತ್ತೀಚೆಗೆ ಇದೇ ದಾರಿಯಲ್ಲಿ ನಡೆದುಬಂದ ಪರಿಚಿತರಿದ್ದರೆ ವಕೀಲರು ಗೆದ್ದರೋ ಸೋತರೋ ಎಂದು ಕೇಳಬೇಡಿ. ವಾಯಿದೆಯ ದಿನ ಬರುತ್ತಿದ್ದರೇ, ಫೋನ್ ಎತ್ತುತ್ತಿದ್ದರೇ ಎಂದು ಕೇಳಿ.

ಹಣವಿಲ್ಲದವರಿಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ನೆರವಿದೆ. ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು ಮೊದಲಾದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಇತರರಿಗೆ ಆದಾಯದ ಮಿತಿ ಇದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಪ್ರಾಧಿಕಾರದಲ್ಲಿ ಅಥವಾ ತಾಲ್ಲೂಕು ಸಮಿತಿಯಲ್ಲಿ ಅರ್ಜಿ ಕೊಡಬಹುದು, ಸಹಾಯವಾಣಿ 15100. ಪುಕ್ಕಟೆ ವಕೀಲರೆಂದರೆ ಕಳಪೆ ಎಂಬ ಮಾತನ್ನು ನಾನೂ ನಂಬಿದ್ದೆ. ನಮ್ಮ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ ಹೆಂಗಸಿಗೆ ಹಾಗೆ ಸಿಕ್ಕ ಹುಡುಗ ವಕೀಲ ಪ್ರತಿ ವಾಯಿದೆಗೂ ಅರ್ಧ ಗಂಟೆ ಮೊದಲೇ ಬಂದು ಕಾಯುತ್ತಿದ್ದುದನ್ನು ಕಂಡ ಮೇಲೆ ಆ ಅಭಿಪ್ರಾಯ ಬಿಟ್ಟೆ.

ಮೂರು ಹೆಸರುಗಳನ್ನು ಗುರುತು ಹಾಕಿಕೊಂಡ ಮೇಲೆ ಒಂದು ಬೆಳಗ್ಗೆ ನ್ಯಾಯಾಲಯಕ್ಕೇ ಹೋಗಿ. ಕೌಟುಂಬಿಕ ಕೇಸಿನ ವಿಚಾರಣೆ ಒಳಗೆ ಗುಟ್ಟಾಗಿ ನಡೆಯಬಹುದು, ಹೊರಗಿನ ಕಾರಿಡಾರು ಎಲ್ಲರದ್ದು. ಕಕ್ಷಿದಾರರ ಜೊತೆ ಆ ವಕೀಲರು ಹೇಗೆ ಮಾತನಾಡುತ್ತಾರೆ ಎಂಬುದು ಅಲ್ಲಿ ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ರಾಜ್ಯ ವಕೀಲರ ಪರಿಷತ್ತಿನ ದಾಖಲಾತಿ ಸಂಖ್ಯೆ ಕೇಳಲು ಸಂಕೋಚ ಬೇಡ. ನಿಜವಾದ ವಕೀಲರು ಅದಕ್ಕೆ ಬೇಸರಪಡುವುದಿಲ್ಲ.

ಹಂತ 4: ಮೊದಲ ಭೇಟಿ

ದಿನಾಂಕಗಳ ಹಾಳೆಯನ್ನು ಕೈಗೆ ಕೊಟ್ಟು ಸುಮ್ಮನಾಗಿ. ಅವರು ಅದನ್ನು ಓದುತ್ತಾರೋ, ಬದಿಗಿಟ್ಟು ಭಾಷಣ ಶುರು ಮಾಡುತ್ತಾರೋ ನೋಡಿ. ಆಮೇಲೆ ನಿಮ್ಮ ಸರದಿ. ನನ್ನ ಕೇಸಿನಲ್ಲಿ ದುರ್ಬಲವಾದದ್ದು ಯಾವುದು? ಎದುರು ವಕೀಲರು ನೀವೇ ಆಗಿದ್ದರೆ ಎಲ್ಲಿ ಹೊಡೆಯುತ್ತಿದ್ದಿರಿ? ರಾಜಿಗೆ ಅವಕಾಶವಿದೆಯೇ? ಪಾಟೀಸವಾಲನ್ನು (ಎದುರು ಪಕ್ಷದ ಸಾಕ್ಷಿಗಳನ್ನು ಪ್ರಶ್ನಿಸುವುದನ್ನು) ನೀವೇ ಮಾಡುತ್ತೀರೋ, ಕಿರಿಯರನ್ನು ಕಳುಹಿಸುತ್ತೀರೋ? ಈ ನಾಲ್ಕಕ್ಕೆ ನೇರ ಉತ್ತರ ಬಂದರೆ ಅರ್ಧ ಗೆದ್ದಂತೆ. ದುರ್ಬಲವಾದದ್ದು ಏನೂ ಇಲ್ಲ ಎಂದವರನ್ನು ನಾನಾಗಿದ್ದರೆ ನೇಮಿಸಿಕೊಳ್ಳುವುದಿಲ್ಲ. ಕೇಳಿದೊಡನೆ "ಎಲ್ಲರ ಮೇಲೂ ಪೊಲೀಸ್ ಕೇಸು ಜಡಿದುಬಿಡೋಣ, ತಾನಾಗಿಯೇ ದಾರಿಗೆ ಬರುತ್ತಾರೆ" ಎನ್ನುವವರನ್ನೂ, ನ್ಯಾಯಾಧೀಶರು ತಮಗೆ ಬೇಕಾದವರು ಎಂದು ಕಣ್ಣು ಮಿಟುಕಿಸುವವರನ್ನೂ ಕಂಡರೆ ಚಪ್ಪಲಿ ಮೆಟ್ಟಿ ಹೊರಡಿ.

ವಕೀಲರ ಮುಂದೆ ಮುಚ್ಚಿಡಬೇಡಿ. ಬೇರೆ ಸಂಬಂಧವಿದ್ದರೆ, ಸಿಟ್ಟಿನಲ್ಲಿ ಕಳುಹಿಸಿದ ಕೆಟ್ಟ ಸಂದೇಶವಿದ್ದರೆ, ಗುಟ್ಟಾದ ಆದಾಯವಿದ್ದರೆ ಅದು ಅವರಿಗೆ ಮೊದಲು ನಿಮ್ಮ ಬಾಯಿಂದಲೇ ತಿಳಿಯಲಿ. ಪಾಟೀಸವಾಲಿನ ದಿನ ಎದುರು ಪಕ್ಷದವರ ಬಾಯಿಂದ ತಿಳಿದರೆ ನಿಮ್ಮ ವಕೀಲರಿಗೆ ಸಾವರಿಸಿಕೊಳ್ಳಲು ಸಮಯವಿರುವುದಿಲ್ಲ.

ಹಂತ 5: ಫೀಸು ಮತ್ತು ವಕಾಲತ್ತು

ಕೆಲವರು ಇಡೀ ಕೇಸಿಗೆ ಇಷ್ಟು ಎಂದು ಮಾತಾಡುತ್ತಾರೆ, ಕೆಲವರು ವಾಯಿದೆಗೆ ಇಷ್ಟು ಎನ್ನುತ್ತಾರೆ. ಪರಸ್ಪರ ಒಪ್ಪಿಗೆಯ ಕೇಸಿಗೆ ಇಡೀ ಮೊತ್ತವೇ ಸರಿ, ಅಲ್ಲಿ ಕೆಲಸ ಎಷ್ಟೆಂದು ಮೊದಲೇ ಗೊತ್ತಿರುತ್ತದೆ. ವ್ಯಾಜ್ಯದ ಕೇಸಿನಲ್ಲಿ ವಾಯಿದೆ ಲೆಕ್ಕ ನಿಮ್ಮನ್ನು ನುಂಗುತ್ತದೆ: ನ್ಯಾಯಾಧೀಶರು ರಜೆಯಲ್ಲಿದ್ದ ದಿನಕ್ಕೂ ಹಣ ತೆರಬೇಕಾದೀತು. ಅರ್ಜಿ ಸಲ್ಲಿಸಿದಾಗ, ಸಾಕ್ಷ್ಯ ಶುರುವಾದಾಗ, ವಾದ ಮುಗಿದಾಗ ಎಂದು ಘಟ್ಟಗಳಾಗಿ ಹಂಚಿಕೊಳ್ಳುವುದು ನನ್ನ ಮಟ್ಟಿಗೆ ಉತ್ತಮ. ಮಧ್ಯಂತರ ಜೀವನಾಂಶದ ಅರ್ಜಿ, ಹೈಕೋರ್ಟಿನ ಮೇಲ್ಮನವಿ, ಗುಮಾಸ್ತರ ಖರ್ಚು, ನಕಲಿನ ಶುಲ್ಕ ಇದರಲ್ಲಿ ಸೇರಿದೆಯೇ ಎಂದು ಕೇಳಿ ಬರೆಸಿಕೊಳ್ಳಿ. ಬ್ಯಾಂಕ್ ಮೂಲಕ ಕೊಟ್ಟು ರಸೀದಿ ಪಡೆಯಿರಿ. "ಬಂದ ಜೀವನಾಂಶದಲ್ಲಿ ಇಷ್ಟು ಪಾಲು ನನಗೆ" ಎನ್ನುವ ಒಪ್ಪಂದವನ್ನು ವಕೀಲರ ನಡತೆಯ ನಿಯಮಗಳೇ ನಿಷೇಧಿಸಿವೆ.

ವಕಾಲತ್ತಿಗೆ, ಅಂದರೆ ನಿಮ್ಮ ಪರ ಹಾಜರಾಗಲು ವಕೀಲರಿಗೆ ಅಧಿಕಾರ ಕೊಡುವ ಪತ್ರಕ್ಕೆ, ಸಹಿ ಹಾಕುವಾಗ ಅದರ ಜೊತೆ ಖಾಲಿ ಹಾಳೆಗಳಿಗೂ ಸಹಿ ಕೇಳಿದರೆ ಹಾಕಬೇಡಿ. ಅರ್ಜಿಯ ಪ್ರತಿ ಸಾಲನ್ನೂ ಓದಿ. ಇಂಗ್ಲಿಷಿನಲ್ಲಿದ್ದು ಅರ್ಥವಾಗದಿದ್ದರೆ ಕನ್ನಡದಲ್ಲಿ ಓದಿ ಹೇಳಲು ಕೇಳಿ. ಆ ಅರ್ಜಿಯಲ್ಲಿರುವುದನ್ನೆಲ್ಲ ನೀವು ಪ್ರಮಾಣ ಮಾಡಿ ಹೇಳಿದ್ದೀರಿ ಎಂದೇ ನ್ಯಾಯಾಲಯ ತಿಳಿಯುತ್ತದೆ. ಕೇಸು ದಾಖಲಾದ ಮೇಲೆ 16 ಅಕ್ಷರ ಮತ್ತು ಅಂಕಿಗಳ ಸಿ.ಎನ್.ಆರ್. ಸಂಖ್ಯೆ ಸಿಗುತ್ತದೆ. ಅದನ್ನು ಇ-ಕೋರ್ಟ್ಸ್ ಆ್ಯಪ್‌ಗೆ ಹಾಕಿದರೆ ಮುಂದಿನ ವಾಯಿದೆ ಎಂದು, ಹಿಂದಿನ ದಿನ ಏನಾಯಿತು ಎಂಬುದೆಲ್ಲ ನಿಮಗೇ ಕಾಣುತ್ತದೆ. ನಮ್ಮ ನೆರೆಯವರಿಗೆ ಇದು ಗೊತ್ತಿರಲಿಲ್ಲ. "ಕೇಸು ನಡೆಯುತ್ತಿದೆ" ಎಂಬ ಮಾತು ನಂಬಿ ಕುಳಿತಿದ್ದವರ ಅರ್ಜಿ, ಯಾರೂ ಹಾಜರಾಗದೆ ಎಂಟು ತಿಂಗಳ ಹಿಂದೆಯೇ ವಜಾ ಆಗಿತ್ತು.

ಹಂತ 6: ಒಳಗೆ ಏನು ನಡೆಯುತ್ತದೆ?

1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ ಪ್ರಕಾರ ರಾಜಿಗೆ ಪ್ರಯತ್ನಿಸುವುದು ನ್ಯಾಯಾಲಯದ ಮೊದಲ ಕರ್ತವ್ಯ. ವಕೀಲರ ಮೂಲಕವೇ ವಾದಿಸುವ ಹಕ್ಕನ್ನು ಆ ಕಾಯ್ದೆ ಕೊಡುವುದಿಲ್ಲ. ನ್ಯಾಯಾಲಯದ ಅನುಮತಿಯಿಂದ ವಕೀಲರು ಹಾಜರಾಗುತ್ತಾರೆ. ಎದುರು ಪಕ್ಷಕ್ಕೆ ನೋಟಿಸ್ ಹೋಗಿ, ಇಬ್ಬರೂ ಬಂದ ಮೇಲೆ ಮಧ್ಯಸ್ಥಿಕೆಗೆ ಕಳುಹಿಸುತ್ತಾರೆ. ಅಲ್ಲಿ ಆಡಿದ ಮಾತು ಗೋಪ್ಯ, ಕೇಸಿನಲ್ಲಿ ನಿಮ್ಮ ವಿರುದ್ಧ ಬಳಕೆಯಾಗುವುದಿಲ್ಲ. ಕಾಟಾಚಾರ ಎಂದು ಇದನ್ನು ಕಡೆಗಣಿಸಬೇಡಿ. ಮತ್ತೆ ಕೂಡಿ ಬಾಳದಿದ್ದರೂ ವ್ಯಾಜ್ಯದ ಕೇಸು ಪರಸ್ಪರ ಒಪ್ಪಿಗೆಗೆ ತಿರುಗುವುದು ಬಹಳ ಸಲ ಈ ಕೋಣೆಯಲ್ಲೇ. ನನ್ನ ತಂಗಿಯದ್ದೂ ಮೂರನೆಯ ಬೈಠಕ್ಕಿನಲ್ಲಿ ಹಾಗೆಯೇ ತಿರುಗಿತು.

ರಾಜಿಯಾಗದಿದ್ದರೆ ತಕರಾರು ಅರ್ಜಿ, ಮಧ್ಯಂತರ ಅರ್ಜಿಗಳು, ನಿಮ್ಮ ಸಾಕ್ಷ್ಯದ ಪ್ರಮಾಣಪತ್ರ (ಅಫಿಡವಿಟ್), ಪಾಟೀಸವಾಲು, ಎದುರು ಪಕ್ಷದ ಸಾಕ್ಷ್ಯ, ವಾದ, ತೀರ್ಪು. ಇಂಥ ಅರ್ಜಿಗಳನ್ನು 6 ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಹಿಂದೂ ವಿವಾಹ ಕಾಯ್ದೆ ಹೇಳುತ್ತದೆ. ಕಾರಿಡಾರಿನಲ್ಲಿ ಈ ಮಾತು ಹೇಳಿ ನೋಡಿ, ನಕ್ಕಾರು. ವ್ಯಾಜ್ಯದ ಕೇಸಿಗೆ ವರ್ಷಗಳನ್ನು ಎಣಿಸಿಕೊಂಡೇ ಹೊರಡಿ.

ಎಲ್ಲರೂ ಕೇಳುವ ಪ್ರಶ್ನೆಗಳು

ಸಂಬಳದಲ್ಲಿ ಕಾಲು ಭಾಗ ಜೀವನಾಂಶ ಎಂಬುದು ನಿಯಮವೇ?

ಅಲ್ಲ. 2017ರ ಒಂದು ಪ್ರಕರಣದಲ್ಲಿ ಗಂಡನ ನಿವ್ವಳ ಸಂಬಳದ 25% ನ್ಯಾಯಯುತ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಬಾಯಿಂದ ಬಾಯಿಗೆ ಹರಡಿ ನಿಯಮದ ವೇಷ ತೊಟ್ಟಿದೆ. ಇಬ್ಬರ ಆದಾಯ, ಜೀವನಮಟ್ಟ, ಮಕ್ಕಳ ಖರ್ಚು, ವಯಸ್ಸು, ಆರೋಗ್ಯ ಎಲ್ಲವನ್ನೂ ನೋಡಿ ಮೊತ್ತ ನಿರ್ಧಾರವಾಗುತ್ತದೆ. 2020ರ ನವೆಂಬರ್‌ನ ರಜನೇಶ್ ಪ್ರಕರಣದ ತೀರ್ಪಿನ ಬಳಿಕ ಇಬ್ಬರೂ ಆಸ್ತಿ ಮತ್ತು ಸಾಲದ ವಿವರವನ್ನು ಪ್ರಮಾಣಪತ್ರದಲ್ಲಿ ಸಲ್ಲಿಸಲೇಬೇಕು, ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲುತ್ತದೆ. ಕೇಸು ನಡೆಯುವಾಗ ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 24ರಡಿ, ಮುಗಿದ ಮೇಲೆ ಸೆಕ್ಷನ್ 25ರಡಿ ಕೇಳಬಹುದು. ಎರಡರಲ್ಲೂ ಆದಾಯವಿಲ್ಲದ ಗಂಡನಿಗೂ ಕೇಳುವ ಹಕ್ಕಿದೆ. ಜೀವನಾಂಶ ಕೇಳಲು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದ 125ನೇ ಸೆಕ್ಷನ್ನಿನ ಜಾಗಕ್ಕೆ 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 144 ಬಂದಿದೆ. ಅದು ಧರ್ಮ ನೋಡುವುದಿಲ್ಲ. ವಿಚ್ಛೇದಿತ ಮುಸ್ಲಿಂ ಮಹಿಳೆಯೂ 125ರಡಿ ಕೇಳಬಹುದು ಎಂದು ಅದೇ ತಿಂಗಳು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಹೆಂಡತಿ ಕೆಲಸದಲ್ಲಿದ್ದಾಳೆ ಎಂಬ ಒಂದೇ ಕಾರಣಕ್ಕೆ ಆಕೆಯ ಅರ್ಜಿ ಬಿದ್ದುಹೋಗುವುದಿಲ್ಲ, ಮೊತ್ತ ಇಳಿಯಬಹುದು.

ಗಂಡನ ಆಸ್ತಿಯಲ್ಲಿ ಅರ್ಧ ಸಿಗುತ್ತದೆಯೇ?

ನಮ್ಮ ರಾಜ್ಯದಲ್ಲಿ ಅಂಥ ಕಾನೂನಿಲ್ಲ. ಯಾರ ಹೆಸರಿನ ಆಸ್ತಿ ಅವರದು, ಜಂಟಿ ಹೆಸರಿನಲ್ಲಿದ್ದರೆ ಪಾಲು ಕೇಳಬಹುದು. ಗಂಡನ ಆಸ್ತಿಯ ಗಾತ್ರ ಜೀವನಾಂಶದ ಮೊತ್ತದ ಮೇಲೆ ಪರಿಣಾಮ ಬೀರುತ್ತದೆ, ಅಷ್ಟೇ.

ಮಗು ಯಾರ ಬಳಿ?

ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಎಂದು 1956ರ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆ ಹೇಳುತ್ತದೆ. ಆಮೇಲೂ ಮಗುವಿನ ಹಿತವೇ ಅಳತೆಗೋಲು. ಹೆಚ್ಚು ದುಡಿಯುವವರಿಗೆ ಮಗು ಎಂಬ ಲೆಕ್ಕವಿಲ್ಲ. ತಿಳಿವಳಿಕೆ ಬಂದ ಮಗುವನ್ನು ನ್ಯಾಯಾಧೀಶರು ತಾವೇ ಮಾತನಾಡಿಸುವುದುಂಟು. ಒಪ್ಪಂದ ಬರೆಯುವಾಗ "ಭೇಟಿಯ ಹಕ್ಕು ಇದೆ" ಎಂದು ಒಂದು ಸಾಲು ಗೀಚಿ ಬಿಡಬೇಡಿ. ಯಾವ ಶನಿವಾರ, ಎಷ್ಟು ಗಂಟೆಗೆ, ಎಲ್ಲಿ, ದಸರಾ ರಜೆ ಯಾರ ಬಳಿ, ಬೇಸಿಗೆ ರಜೆ ಹೇಗೆ ಹಂಚಿಕೆ, ಶಾಲೆಯ ಶುಲ್ಕ ಯಾರದು, ಪಾಸ್‌ಪೋರ್ಟ್ ಯಾರ ಬಳಿ ಎಂಬುದೆಲ್ಲ ಕಾಗದದ ಮೇಲಿರಲಿ. ನಮ್ಮ ಒಪ್ಪಂದದಲ್ಲಿ ಯುಗಾದಿ ಹಬ್ಬ ಬಿಟ್ಟುಹೋಗಿತ್ತು. ಅದೊಂದೇ ದಿನಕ್ಕಾಗಿ ಮೂರು ವರ್ಷ ಫೋನಿನಲ್ಲಿ ಜಗಳವಾಯಿತು.

ಕದ್ದು ರೆಕಾರ್ಡ್ ಮಾಡಿದ ಮಾತು ಸಾಕ್ಷ್ಯವಾಗುತ್ತದೆಯೇ?

ಗಂಡ ಹೆಂಡತಿಯ ನಡುವಿನ ದೂರವಾಣಿ ಸಂಭಾಷಣೆಯನ್ನು ಗುಟ್ಟಾಗಿ ರೆಕಾರ್ಡ್ ಮಾಡಿದ್ದರೂ ವೈವಾಹಿಕ ಕೇಸಿನಲ್ಲಿ ಅದನ್ನು ಪರಿಗಣಿಸಬಹುದು ಎಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ ಪ್ರಮಾಣಪತ್ರ ಜೊತೆಗಿರಬೇಕು, ಮೂಲ ಫೋನನ್ನು ಮಾರಿಬಿಡಬಾರದು. ಅವರ ಫೋನಿಗೆ ಗೂಢಚಾರಿ ಆ್ಯಪ್ ಹಾಕುವುದು ಬೇರೆ ವಿಷಯ; ಅದು ನಿಮ್ಮನ್ನೇ ಆರೋಪಿಯಾಗಿಸೀತು.

ವರದಕ್ಷಿಣೆ ಕಿರುಕುಳದ ಕೇಸು ಹಾಕಿದ್ದರೆ ವಿಚ್ಛೇದನದ ಜೊತೆಗೇ ಮುಗಿಯುತ್ತದೆಯೇ?

ತಾನಾಗಿ ಮುಗಿಯುವುದಿಲ್ಲ. ಹಿಂದಿನ ಭಾರತೀಯ ದಂಡ ಸಂಹಿತೆಯ 498ಎ ಈಗ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಸೆಕ್ಷನ್‌ಗಳಲ್ಲಿದೆ. ಅದು ಕಕ್ಷಿಗಾರರೇ ರಾಜಿಯಾಗಿ ಹಿಂಪಡೆಯುವ ಅಪರಾಧವಲ್ಲ. ಒಪ್ಪಂದವಾದ ಮೇಲೆ ಹೈಕೋರ್ಟಿಗೆ ಹೋಗಿ ರದ್ದು ಮಾಡಿಸಬೇಕು: ಊರನ್ನು ಅನುಸರಿಸಿ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠ. ದೂರು ಕೊಟ್ಟವರು ಅದಕ್ಕೆ ಸಹಕರಿಸಬೇಕು ಎಂಬ ಷರತ್ತನ್ನು ಒಪ್ಪಂದದಲ್ಲೇ ಸೇರಿಸಿ.

ಎದುರು ಪಕ್ಷದವರು ನ್ಯಾಯಾಲಯಕ್ಕೇ ಬಾರದಿದ್ದರೆ?

ನೋಟಿಸ್ ತಲುಪಿದ್ದರೆ ಏಕಪಕ್ಷೀಯ ತೀರ್ಪು ಬರುತ್ತದೆ. ಅವರು ತಡವಾಗಿ ಬಂದು ಕಾರಣ ತೋರಿಸಿ ಅದನ್ನು ತೆಗೆಸಿಹಾಕಲೂ ಬಹುದು. ಹಾಗಾಗಿ ಅವರು ಬಾರದಿದ್ದರೆ ಹಿಗ್ಗಬೇಡಿ, ಸರಿಯಾದ ವಿಳಾಸಕ್ಕೇ ನೋಟಿಸ್ ಹೋಗಿದೆಯೇ ಎಂದು ನೋಡಿ.

ಅವರು ಅಮೆರಿಕದಲ್ಲಿದ್ದಾರೆ, ಅಲ್ಲೇ ವಿಚ್ಛೇದನ ಪಡೆದಿದ್ದಾರೆ. ಇಲ್ಲಿ ನಡೆಯುತ್ತದೆಯೇ?

ಹೊರದೇಶದಲ್ಲಿರುವ ಕನ್ನಡಿಗರ ಮನೆಗಳಲ್ಲಿ ಇದು ದೊಡ್ಡ ಗೊಂದಲ. ನಮ್ಮ ಕಾಯ್ದೆಯಲ್ಲಿಲ್ಲದ ಕಾರಣಕ್ಕೆ, ಇನ್ನೊಬ್ಬರು ಒಪ್ಪದೆ, ಆ ನ್ಯಾಯಾಲಯದ ಅಧಿಕಾರಕ್ಕೆ ತಲೆಬಾಗದೆ ಇದ್ದಾಗ ಬಂದ ವಿದೇಶಿ ಡಿಕ್ರಿಗೆ ಇಲ್ಲಿ ಮಾನ್ಯತೆಯಿಲ್ಲ ಎಂದು 1991ರ ನರಸಿಂಹ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಲ್ಲಿನ ನೋಟಿಸ್ ಬಂದಾಗ ಗಾಬರಿಯಿಂದ ಉತ್ತರ ಬರೆಯುವ ಮೊದಲು ಇಲ್ಲಿನ ವಕೀಲರಿಗೆ ತೋರಿಸಿ, ಏಕೆಂದರೆ ಹೇಗೆ ಉತ್ತರಿಸುತ್ತೀರಿ ಎಂಬುದೇ ಮುಂದೆ ಮುಖ್ಯವಾಗುತ್ತದೆ. ಹೊರದೇಶದಲ್ಲಿರುವವರು ಅಧಿಕಾರಪತ್ರ ಕೊಟ್ಟು, ವಿಡಿಯೊ ಮೂಲಕ ಹಾಜರಾಗಲು ಅನುಮತಿ ಕೇಳಬಹುದು.

ವಕೀಲರನ್ನು ನಡುವೆ ಬದಲಿಸಬಹುದೇ?

ಬದಲಿಸಬಹುದು. ಹಳೆಯ ವಕೀಲರಿಂದ ನಿರಾಕ್ಷೇಪಣೆ ಪಡೆದು ಹೊಸಬರು ವಕಾಲತ್ತು ಹಾಕುತ್ತಾರೆ. ಅವರು ಕೊಡದಿದ್ದರೆ ನ್ಯಾಯಾಲಯದ ಅನುಮತಿ ಕೇಳಬಹುದು. ಫೀಸು ಬಾಕಿ ಎಂದು ನಿಮ್ಮ ಕಡತವನ್ನು ಅಡವಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು 2000ದಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ. ದುರ್ನಡತೆಯ ದೂರನ್ನು ರಾಜ್ಯ ವಕೀಲರ ಪರಿಷತ್ತಿಗೆ ಕೊಡಬಹುದು. ತೀರ್ಪು ಮನಸ್ಸಿಗೆ ಒಗ್ಗಲಿಲ್ಲ ಎಂಬುದು ದುರ್ನಡತೆಯಾಗುವುದಿಲ್ಲ.

ಮರುಮದುವೆ ಯಾವಾಗ?

ವ್ಯಾಜ್ಯದ ಕೇಸಾದರೆ ಮೇಲ್ಮನವಿಯ ಅವಧಿ ಮುಗಿಯಬೇಕು, ಮೇಲ್ಮನವಿ ಹಾಕಿದ್ದರೆ ಅದು ಇತ್ಯರ್ಥವಾಗಬೇಕು. ಹಿಂದೂ ವಿವಾಹ ಕಾಯ್ದೆಯಲ್ಲಿ ಆ ಅವಧಿ 90 ದಿನ. ಛತ್ರಕ್ಕೆ ಮುಂಗಡ ಕೊಡುವ ಮೊದಲು ಹೈಕೋರ್ಟಿನಲ್ಲಿ ಏನೂ ದಾಖಲಾಗಿಲ್ಲವೆಂದು ವಕೀಲರಿಂದ ಖಾತ್ರಿ ಮಾಡಿಕೊಳ್ಳಿ.

ಹಂತ 7: ಡಿಕ್ರಿ ಕೈಗೆ ಬಂದ ಮೇಲೆ

ತೀರ್ಪು ಓದಿದ ದಿನವೇ ಎಲ್ಲ ಮುಗಿಯಿತು ಎಂದು ಮನೆಗೆ ಹೋಗಿಬಿಡುತ್ತಾರೆ. ತೀರ್ಪಿನ ಮತ್ತು ಡಿಕ್ರಿಯ ಪ್ರಮಾಣೀಕೃತ ನಕಲುಗಳಿಗೆ ಅಂದೇ ಅರ್ಜಿ ಹಾಕಿ, ಕನಿಷ್ಠ ಮೂರು ಪ್ರತಿ ಪಡೆಯಿರಿ. ಹೆಸರು, ಮದುವೆಯ ದಿನಾಂಕ, ಊರು ಸರಿಯಾಗಿವೆಯೇ ಎಂದು ಅಲ್ಲೇ ಓದಿ ನೋಡಿ. ತಂಗಿಯ ಡಿಕ್ರಿಯಲ್ಲಿ ಮದುವೆಯ ವರ್ಷವೇ ತಪ್ಪಾಗಿತ್ತು, ತಿದ್ದುಪಡಿಗೆ ಇನ್ನೆರಡು ವಾಯಿದೆ ಹಿಡಿಯಿತು. ಆಮೇಲೆ ಪಾಸ್‌ಪೋರ್ಟ್, ಪಡಿತರ ಚೀಟಿ, ಜಂಟಿ ಬ್ಯಾಂಕ್ ಖಾತೆ, ಜಂಟಿ ಸಾಲ, ವಿಮೆ ಮತ್ತು ಭವಿಷ್ಯ ನಿಧಿಯ ನಾಮನಿರ್ದೇಶನ. ಈ ಕೊನೆಯದನ್ನು ನಾವು ಮರೆತೇಬಿಟ್ಟಿದ್ದೆವು. ಎರಡು ವರ್ಷಗಳ ಬಳಿಕ ವಿಮಾ ಕಂತು ಕಟ್ಟಲು ಹೋದಾಗ ಕೌಂಟರಿನಲ್ಲಿದ್ದ ಹುಡುಗಿ "ನಾಮಿನಿ ಯಾರು ಮೇಡಂ, ಇವರೇನಾ?" ಎಂದು ಪರದೆಯನ್ನು ಈ ಕಡೆ ತಿರುಗಿಸಿದಳು. ತಂಗಿ ಚೀಲದಿಂದ ಡಿಕ್ರಿಯ ನಕಲು ತೆಗೆದು, ಹೊಸ ಅರ್ಜಿ ನಮೂನೆ ಕೇಳಿದಳು.